ಭಾವಗೀತೆಯ ಹೊಸ ಅಲೆ ಮತ್ತು ದೇವನಹಳ್ಳಿಯ ಒಂದು ಖಾಸಗಿ ಧ್ವನಿಸುರುಳಿ ಸಂಗ್ರಹ

ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಈ ನಾಲ್ಕು ತಾಲ್ಲೂಕುಗಳ ಇತಿಹಾಸವನ್ನು ಬರೆಯಹೊರಟವರು ಮೊದಲು ಕೈಗೆತ್ತಿಕೊಳ್ಳುವುದು ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವನ್ನು. ಕಲ್ಲಿನ ಮೇಲೂ ತಾಮ್ರಪಟದ ಮೇಲೂ ಬರೆಸಿಟ್ಟ ದಾನದತ್ತಿಗಳು ಅದರಲ್ಲಿ ತಾಲ್ಲೂಕುವಾರು ಅಚ್ಚಾಗಿವೆ. ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಕಡತಗಳಿವೆ, ಗ್ಯಾಸೆಟಿಯರುಗಳಿವೆ. ಆದರೆ ಇಪ್ಪತ್ತನೆಯ ಶತಮಾನದ ಕೊನೆಯ ಕಾಲುಭಾಗದಲ್ಲಿ ಈ ಊರುಗಳ ಜನ ಸಂಜೆ ದೀಪ ಹಚ್ಚಿದ ಮೇಲೆ ಮನೆಯಲ್ಲಿ ಕುಳಿತು ಏನನ್ನು ಕೇಳುತ್ತಿದ್ದರು, ಯಾವ ಕವಿಯ ಮಾತು ಅವರ ನಾಲಗೆಯ ಮೇಲೆ ನಿಂತಿತ್ತು ಎಂಬ ಪ್ರಶ್ನೆಗೆ ಉತ್ತರ ಹೇಳುವ ಕಡತವನ್ನು ಕಚೇರಿಗಳಲ್ಲಿ ಹುಡುಕಿ ಫಲವಿಲ್ಲ. ಇಂಥ ಸಂಗತಿಗಳಿಗೆ ಮನೆಗಳ ಅಟ್ಟಗಳೇ ಭಂಡಾರಗಳು. ಹಾಗೆ ಅಟ್ಟದಿಂದ ಇಳಿಸಿದ ಪೆಟ್ಟಿಗೆಯೊಂದನ್ನು ಆಧಾರವಾಗಿಟ್ಟುಕೊಂಡು, ಕನ್ನಡ ಭಾವಗೀತೆಯ ಗಾಯನದಲ್ಲಿ 1978ರಿಂದೀಚೆಗೆ ಉಂಟಾದ ಒಂದು ಮಾರ್ಪಾಡನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಪೆಟ್ಟಿಗೆ ನಮ್ಮದೇ. 2000ದಿಂದ 2007ರವರೆಗೆ ನಾವು ದೇವನಹಳ್ಳಿಯಲ್ಲಿದ್ದು ಪ್ರೌಢಶಾಲೆಯಲ್ಲಿ, ಅನಂತರ ಕಾಲೇಜಿನಲ್ಲಿ ಓದುತ್ತಿದ್ದ ದಿನಗಳಲ್ಲಿ ಕೂಡಿಬಂದ 74 ಧ್ವನಿಸುರುಳಿಗಳು ಅದರಲ್ಲಿವೆ. ಜನ ಅವನ್ನು ಕ್ಯಾಸೆಟ್ಟು ಎಂದೇ ಕರೆಯುತ್ತಿದ್ದರು. ಉತ್ಖನನ ನಡೆಸುವವರ ಮಾತಿನಲ್ಲಿ ಹೇಳುವುದಾದರೆ ಈ ಸಂಗ್ರಹದಲ್ಲಿ ಮೂರು ಸ್ತರಗಳು ಸ್ಪಷ್ಟವಾಗಿ ಗೋಚರಿಸುತ್ತವೆ. ಅತ್ಯಂತ ಕೆಳಗಿನದು, ಎಂದರೆ ಹಳೆಯದು, ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದ ನಮ್ಮ ಸೋದರಮಾವನವರು 1980ರ ದಶಕದಲ್ಲಿ ಕೊಂಡು, ತಾವು ಕೇಳುವುದನ್ನು ಬಿಟ್ಟ ಮೇಲೆ ನಮಗೆ ಒಪ್ಪಿಸಿದ 29 ಅಚ್ಚಿನ ಸುರುಳಿಗಳು. ಇವುಗಳಲ್ಲಿ ಭಾವಗೀತೆಗಳವು 16, ಚಲನಚಿತ್ರಗೀತೆಗಳವು 8, ದೇವರನಾಮಗಳವು 5. ಎರಡನೆಯದು, ಅಂಗಡಿಗಳು ಧ್ವನಿಸುರುಳಿಯ ವ್ಯಾಪಾರವನ್ನು ಮುಗಿಸುತ್ತ ಸಿಕ್ಕ ಬೆಲೆಗೆ ಮಾರುತ್ತಿದ್ದ ಕಾಲದಲ್ಲಿ ನಾವೇ ಆರಿಸಿಕೊಂಡು ತಂದ 18. ಮೂರನೆಯದು, ಖಾಲಿ ಸುರುಳಿಗಳ ಮೇಲೆ ರೇಡಿಯೋದಿಂದಲೂ ಇತರ ಸುರುಳಿಗಳಿಂದಲೂ ಮನೆಯಲ್ಲಿಯೇ ಇಳಿಸಿಕೊಂಡ 27. ಈ ಕೊನೆಯವು ಕೆಲವು ಮಾವನವರ ಕಾಲದವು, ಕೆಲವು ನಮ್ಮವು, ಇನ್ನು ಕೆಲವು ದೊಡ್ಡಬಳ್ಳಾಪುರದ ನೆಂಟರ ಮನೆಯಿಂದ ಬಂದು ಹಿಂದಿರುಗದೆ ಉಳಿದವು.

'ಹೊಸ ಅಲೆ' ಎಂಬ ಮಾತನ್ನು ಇಲ್ಲಿ ಬಳಸಲು ಕಾರಣ ಹೇಳಬೇಕು. ಫ್ರೆಂಚ್ ಚಲನಚಿತ್ರದ ಒಂದು ಪಂಥಕ್ಕೆ 1950ರ ದಶಕದ ಅಂತ್ಯದಲ್ಲಿ ಬಂದ ಈ ಹೆಸರು ಇಪ್ಪತ್ತು ವರ್ಷಗಳ ತರುವಾಯ ಇಂಗ್ಲೆಂಡಿನಲ್ಲಿ ಯುವಕರ ಒಂದು ಬಗೆಯ ಸಂಗೀತಕ್ಕೂ ಅಂಟಿಕೊಂಡಿತು. ಕನ್ನಡದಲ್ಲಿ ಅದು ನೆಲೆಗೊಂಡದ್ದು ಚಲನಚಿತ್ರದಲ್ಲಿ. 1970ರ 'ಸಂಸ್ಕಾರ', 1972ರ 'ವಂಶವೃಕ್ಷ', 1975ರ 'ಚೋಮನ ದುಡಿ', 1977ರ 'ಘಟಶ್ರಾದ್ಧ' ಮೊದಲಾದವನ್ನು ಆ ಹೆಸರಿನಿಂದ ಗುರುತಿಸುತ್ತೇವೆ. ಅದೇ ವರ್ಷಗಳಲ್ಲಿ ಕನ್ನಡ ಹಾಡುಗಾರಿಕೆಯಲ್ಲಿಯೂ ಒಂದು ಅಲೆ ಎದ್ದಿತು. ಅದಕ್ಕೆ ಯಾರೂ ಈ ಹೆಸರನ್ನು ಇಡಲಿಲ್ಲ. ಸುಗಮ ಸಂಗೀತ, ಭಾವಗೀತೆ ಎಂಬ ಹಳೆಯ ಹೆಸರುಗಳೇ ಮುಂದುವರಿದವು. ಹೆಸರು ಹಳೆಯದಾದ ಕಾರಣ ವಸ್ತುವೂ ಹಳೆಯದೆಂದು ಭಾವಿಸಿ, ಸಾಹಿತ್ಯಚರಿತ್ರೆಯನ್ನು ಬರೆದವರು ಅದನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುವುದುಂಟು. ಆ ವಾಕ್ಯ ಸಾಲದೆಂಬುದು ನಮ್ಮ ಅಭಿಪ್ರಾಯ.

ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ನವೋದಯದ ಕವಿತೆಯನ್ನು ಸಭೆಯಲ್ಲಿ ಹಾಡಿ ಜನಕ್ಕೆ ತಲುಪಿಸಿದವರಲ್ಲಿ ಪಿ. ಕಾಳಿಂಗರಾಯರು (1914–1981) ಅಗ್ರಗಣ್ಯರು. ಸೋಹನಕುಮಾರಿ, ಮೋಹನಕುಮಾರಿ ಎಂಬ ಸಹಗಾಯಕಿಯರೊಡನೆ ಅವರು ಕುವೆಂಪು, ಬೇಂದ್ರೆ, ರಾಜರತ್ನಂ ಮುಂತಾದವರ ರಚನೆಗಳನ್ನು ನಾಡಿನ ಉದ್ದಗಲಕ್ಕೂ ಹಾಡಿದರು. ಬೆಂಗಳೂರು ಆಕಾಶವಾಣಿ ಕೇಂದ್ರ 1955ರ ನವೆಂಬರಿನಲ್ಲಿ ಆರಂಭವಾದ ಬಳಿಕ ಈ ಹಾಡುಗಾರಿಕೆಗೆ ನಿತ್ಯದ ವೇದಿಕೆ ದೊರೆಯಿತು, ಎಚ್. ಕೆ. ನಾರಾಯಣ, ಪದ್ಮಚರಣ್ ಮೊದಲಾದವರ ಸ್ವರಸಂಯೋಜನೆಗಳು ಅಲ್ಲಿಂದ ಪ್ರಸಾರವಾದವು. ಆದರೆ ಸಭೆಗಾಗಲಿ ಆಕಾಶವಾಣಿಗಾಗಲಿ ಒಂದು ಮಿತಿಯಿತ್ತು. ಕೇಳುವವನು ಅದರ ಹೊತ್ತಿಗೆ ಕಾಯಬೇಕು. ಕೇಳಿದ್ದನ್ನು ಮತ್ತೆ ಬೇಕೆಂದಾಗ ಪಡೆಯಲಾರ. ಗ್ರಾಮಫೋನು ತಟ್ಟೆ ಈ ಕೊರತೆಯನ್ನು ನೀಗಿಸಿತಾದರೂ ಅದರ ಪೆಟ್ಟಿಗೆಯನ್ನು ಕೊಳ್ಳಬಲ್ಲ ಮನೆಗಳು ಹಳ್ಳಿಗಳಲ್ಲಿ ವಿರಳ. ಮೇಲಾಗಿ ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು ಮಾತ್ರ. ಎಂಟು ಹತ್ತು ನುಡಿಗಳುಳ್ಳ ಕವಿತೆಯಲ್ಲಿ ಎರಡು ಮೂರನ್ನು ಆಯ್ದು ಹಾಡುವುದು ಕನ್ನಡದ ಗಾಯಕರಿಗೆ ಅಭ್ಯಾಸವಾದದ್ದಕ್ಕೆ ಕಲೆಯ ಔಚಿತ್ಯ ಎಷ್ಟು ಕಾರಣವೋ ಈ ತಟ್ಟೆಯ ಅಳತೆಯೂ ಅಷ್ಟೇ ಕಾರಣವೆಂದು ತೋರುತ್ತದೆ.

ಫಿಲಿಪ್ಸ್ ಸಂಸ್ಥೆ 1963ರಲ್ಲಿ ಹೊರತಂದ ಚಿಕ್ಕ ಧ್ವನಿಸುರುಳಿ ಈ ಅಳತೆಯನ್ನೇ ಬದಲಿಸಿತು. ಅದರ ಪಟ್ಟಿಯ ಅಗಲ 4 ಮಿಲಿಮೀಟರಿಗೂ ಕಡಮೆ; ಅದು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಚಲಿಸುತ್ತದೆ. ಅರವತ್ತು ನಿಮಿಷದ ಸುರುಳಿಯೆಂದರೆ ಸುಮಾರು 86 ಮೀಟರ್ ಪಟ್ಟಿ ಮಗ್ಗುಲಿಗೆ ಅರ್ಧ ಗಂಟೆಯಂತೆ ಎರಡು ಸಲ ಓಡುವುದು. ಹೀಗೆ ಒಂದೇ ಕವಿಯ ಹತ್ತು ಹನ್ನೆರಡು ಕವಿತೆಗಳನ್ನು ಒಂದೆಡೆ ಸೇರಿಸಿ, ಒಂದು ಕವನಸಂಕಲನವನ್ನು ಪ್ರಕಟಿಸುವ ರೀತಿಯಲ್ಲಿಯೇ ಪ್ರಕಟಿಸುವುದು ಸಾಧ್ಯವಾಯಿತು. ಬಿಡಿಹಾಡಿನ ಕಾಲ ಮುಗಿದು ಹಾಡಿನ ಪುಸ್ತಕದ ಕಾಲ ಬಂದಿತೆನ್ನಬೇಕು. ವಿದ್ಯುತ್ತು ಇಲ್ಲದಾಗ ಟಾರ್ಚಿನ ಸೆಲ್ಲುಗಳಿಂದಲೂ ನಡೆಯುವ, ರೇಡಿಯೋವನ್ನೂ ಟೇಪ್ ರೆಕಾರ್ಡರನ್ನೂ ಒಂದೇ ಮೈಯಲ್ಲಿ ಇರಿಸಿದ 'ಟೂ-ಇನ್-ಒನ್' ಯಂತ್ರಗಳು 1980ರ ದಶಕದಲ್ಲಿ ಸಾಧಾರಣ ಸಂಬಳದ ಮನೆಗಳಿಗೂ ಬಂದವು. ಎಚ್.ಎಂ.ವಿ. ಸಂಸ್ಥೆಯ ದೀರ್ಘಕಾಲದ ಏಕಸ್ವಾಮ್ಯ ಸಡಿಲಗೊಂಡಿತು. ಬೆಂಗಳೂರಿನಲ್ಲಿಯೇ ಸಂಗೀತಾ, ಲಹರಿ ಮೊದಲಾದ ಸಂಸ್ಥೆಗಳು ಬೆಳೆದವು.

ಈ ಅಲೆಯ ಆರಂಭವೆಂದು ಸಾಮಾನ್ಯವಾಗಿ ಪರಿಗಣಿತವಾಗಿರುವುದು 1978ರಲ್ಲಿ ಹೊರಬಂದ 'ನಿತ್ಯೋತ್ಸವ' ಧ್ವನಿಸುರುಳಿ. ಕವಿತೆಗಳು ಕೆ. ಎಸ್. ನಿಸಾರ್ ಅಹಮದ್ ಅವರವು. ಸ್ವರಸಂಯೋಜನೆ ಮೈಸೂರು ಅನಂತಸ್ವಾಮಿಯವರದು. ಇಬ್ಬರೂ 1936ರಲ್ಲಿ ಜನಿಸಿದವರು. ನಿಸಾರ್ ಅಹಮದ್ ಅವರು ಆ ವರ್ಷದ ಫೆಬ್ರವರಿ 5ರಂದು ಜನಿಸಿದ್ದು ದೇವನಹಳ್ಳಿಯಲ್ಲಿ. ಈ ಊರು ಹೊರಗಿನವರಿಗೆ ಪರಿಚಿತವಾಗಿರುವುದು ಟಿಪ್ಪು ಸುಲ್ತಾನನ ಜನ್ಮಸ್ಥಳವೆಂದು, ಅದರ ಕೋಟೆಯಿಂದ, ಚಕ್ಕೋತದ ಹಣ್ಣಿನಿಂದ, 2008ರಿಂದೀಚೆಗೆ ವಿಮಾನ ನಿಲ್ದಾಣದಿಂದ. ಈ ಕವಿಯ ಹೆಸರು ಆ ಸಾಲಿನಲ್ಲಿ ಇನ್ನೂ ಮೇಲಕ್ಕೆ ಬರಬೇಕಾಗಿದೆ. ಮಾವನವರ 'ನಿತ್ಯೋತ್ಸವ' ಸುರುಳಿಯ ಹೊದಿಕೆಯ ಮೇಲೆ ಕವಿಯ ಹೆಸರಿನ ಪಕ್ಕದಲ್ಲಿ ನೀಲಿ ಶಾಯಿಯಲ್ಲಿ 'ನಮ್ಮೂರವರು' ಎಂದು ಬರೆದಿದೆ. ಇಡೀ ಸಂಗ್ರಹದಲ್ಲಿ ಅವರು ಟಿಪ್ಪಣಿ ಬರೆದ ಅಚ್ಚಿನ ಹೊದಿಕೆ ಇದೊಂದೇ.

ಇಲ್ಲಿ ಒಂದು ಸೋಜಿಗವುಂಟು. ಆ ಊರಿನವರು ತಮ್ಮವರೆಂದುಕೊಂಡ ಕವಿಯ ಆ ಪ್ರಸಿದ್ಧ ಗೀತೆಯಲ್ಲಿ ಬರುವ ಜಲಪಾತ, ನದಿ, ಕಾಡುಗಳೆಲ್ಲ ಮಲೆನಾಡಿನವು. ಭೂವಿಜ್ಞಾನದ ಅಧ್ಯಾಪಕರಾಗಿದ್ದ ನಿಸಾರ್ ಅಹಮದ್ ಅವರು ಶಿವಮೊಗ್ಗೆಯಲ್ಲಿ ಕಳೆದ ವರ್ಷಗಳನ್ನು ಅವು ನೆನಪಿಗೆ ತರುತ್ತವೆ. ದೇವನಹಳ್ಳಿಯ ಸೀಮೆಯಾದರೋ ಬಯಲು. ಅರ್ಕಾವತಿ, ದಕ್ಷಿಣಪಿನಾಕಿನಿ ಎರಡೂ ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಈ ತಾಲ್ಲೂಕುಗಳತ್ತ ಇಳಿಯುವುವಾದರೂ ಅವುಗಳ ಪಾತ್ರದಲ್ಲಿ ವರ್ಷದ ಬಹುಭಾಗ ಕಾಣುವುದು ಮರಳು. ಕೆರೆಯ ನೀರನ್ನೇ ನಂಬಿದ ಜನ ಎಂದೂ ನೋಡದ ನದಿಯ ಹಾಡನ್ನು ತಮ್ಮ ನಾಡಿನ ಹಾಡೆಂದು ಹಾಡಿದರು. 1956ರಲ್ಲಿ ಒಂದಾಗಿ, 1973ರಲ್ಲಿ ಕರ್ನಾಟಕವೆಂಬ ಹೆಸರು ಪಡೆದ ರಾಜ್ಯಕ್ಕೆ ಒಂದು ಸಮಗ್ರ ಚಿತ್ರ ಬೇಕಾಗಿತ್ತು. ಅದನ್ನು ಭೂಪಟ ಕೊಟ್ಟದ್ದಕ್ಕಿಂತ ಹೆಚ್ಚಾಗಿ ಶಾಲಾ ವಾರ್ಷಿಕೋತ್ಸವಗಳಲ್ಲಿ ಹಾಡಿದ ಇಂಥ ಗೀತೆಗಳು ಕೊಟ್ಟವು. ಕುವೆಂಪು ಅವರ ನಾಡಗೀತೆಗೆ ಅನಂತಸ್ವಾಮಿಯವರು ಸಂಯೋಜಿಸಿದ ಧಾಟಿಯನ್ನೇ, ಎರಡೂವರೆ ನಿಮಿಷದ ಕಾಲಮಿತಿಯೊಡನೆ, ರಾಜ್ಯ ಸರ್ಕಾರ 2022ರಲ್ಲಿ ಅಧಿಕೃತವೆಂದು ನಿಗದಿಗೊಳಿಸಿತು. ಸುಗಮ ಸಂಗೀತದ ಧಾಟಿಯೊಂದು ಸರ್ಕಾರಿ ಆದೇಶದ ವಿಷಯವಾದದ್ದು ಇತಿಹಾಸದ ವಿದ್ಯಾರ್ಥಿ ಗಮನಿಸತಕ್ಕ ಸಂಗತಿ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ನಿಸಾರ್ ಅಹಮದ್ ಅವರು ನವ್ಯದ ಕಾಲದಲ್ಲಿ ಕಣ್ಣುಬಿಟ್ಟ ಕವಿ. ಅವರ ಮೊದಲ ಸಂಕಲನ 'ಮನಸು ಗಾಂಧಿ ಬಜಾರು' ಪ್ರಕಟವಾದದ್ದು 1960ರಲ್ಲಿ. ಅದಕ್ಕೆ ಆರು ವರ್ಷ ಮುಂಚೆ, 1954ರಲ್ಲಿ, ಗೋಪಾಲಕೃಷ್ಣ ಅಡಿಗರ 'ಚಂಡೆ ಮದ್ದಳೆ' ಹೊರಬಂದಿತ್ತು. ಕವಿತೆ ಹಾಡುವುದಕ್ಕಲ್ಲ, ಓದಿ ಯೋಚಿಸುವುದಕ್ಕೆ ಎಂಬ ತಿಳಿವಳಿಕೆ ಆ ದಶಕಗಳಲ್ಲಿ ಬಲಗೊಂಡಿತು. ಪ್ರಾಸ, ಪಲ್ಲವಿ, ಗೇಯತೆ ಇವುಗಳೆಲ್ಲ ಭಾವುಕತೆಯ ಗುರುತುಗಳೆನಿಸಿದವು. ಕಾಲೇಜಿನ ತರಗತಿಗಳಲ್ಲಿ ಪಾಠವಾಗುತ್ತಿದ್ದುದು ಈ ಕಾವ್ಯ. ಹೀಗಿರುವಾಗ, ನವ್ಯ ತನ್ನ ಪ್ರಭಾವದ ಉಚ್ಚ್ರಾಯವನ್ನು ಮುಟ್ಟಿ ಇಳಿಯುತ್ತಿದ್ದ ಕಾಲದಲ್ಲಿ, ಮನೆಗಳನ್ನು ತುಂಬಿದ ಹೊಸ ಯಂತ್ರ ಯಾವ ಕಾವ್ಯವನ್ನು ಆರಿಸಿಕೊಂಡಿತು? ನಮ್ಮ ಪೆಟ್ಟಿಗೆಯ ಕೆಳಸ್ತರದ 16 ಭಾವಗೀತೆಯ ಸುರುಳಿಗಳು ಹೇಳುವ ಉತ್ತರ ಸಂದಿಗ್ಧವಲ್ಲ. ಬೇಂದ್ರೆ, ಕುವೆಂಪು, ಕೆ. ಎಸ್. ನರಸಿಂಹಸ್ವಾಮಿ, ಜಿ. ಎಸ್. ಶಿವರುದ್ರಪ್ಪ, ಶಿಶುನಾಳ ಶರೀಫ. ಮತ್ತು ನವ್ಯದ ಬಳಿಯಲ್ಲಿಯೇ ಇದ್ದು ಹಾಡನ್ನು ಬಿಡದ ನಿಸಾರ್ ಅಹಮದ್, ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟ. ಅಡಿಗರದೆಂದು ಅವುಗಳಲ್ಲಿ ದೊರೆಯುವುದು ಒಂದು ಗೀತೆ. ಅದೂ ಅವರು ನವ್ಯಮಾರ್ಗವನ್ನು ಹಿಡಿಯುವುದಕ್ಕೆ ಮುಂಚೆ ರಚಿಸಿದ್ದು.

ಇಂಗ್ಲೆಂಡಿನ ಹೊಸ ಅಲೆಯೊಡನೆ ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿನ ಯುವಕರು ತಮ್ಮ ಹಿರಿಯರ ನಯಗಾರಿಕೆಯ ಸಂಗೀತವನ್ನು ತಳ್ಳಿಹಾಕಿ ಹೊಸದನ್ನು ಹಿಡಿದರು. ಇಲ್ಲಿ ಯಂತ್ರ ಹೊಸದು, ಮಾರಾಟದ ಕ್ರಮ ಹೊಸದು, ವಾದ್ಯಮೇಳ ಹೊಸದು. ಪದ ಮಾತ್ರ ತಾತನ ಕಾಲದ್ದು. 'ಮೈಸೂರ ಮಲ್ಲಿಗೆ' 1942ರಲ್ಲಿ ಪ್ರಕಟವಾದ ಪುಸ್ತಕ. ಶರೀಫರು ಬದುಕಿದ್ದುದು 1819ರಿಂದ 1889ರವರೆಗೆ. ಇವೆರಡನ್ನೂ ಕನ್ನಡದ ಯುವಜನ 'ಹೊಸ ಹಾಡು' ಎಂದು ಕೊಂಡುಕೊಂಡರು. ಇದಕ್ಕೆ ಬಹುಮಟ್ಟಿಗೆ ಕಾರಣರು ಸಿ. ಅಶ್ವಥ್ (1939–2009). ಅವರ ವೃತ್ತಿಜೀವನ ಕಳೆದದ್ದು ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿ. ಬೆಂಗಳೂರಿನಿಂದ ಹೊಸಕೋಟೆಗೆ ಹೋಗುವ ಹಳೆಯ ಮದರಾಸು ರಸ್ತೆಯಲ್ಲಿರುವ ದೂರವಾಣಿನಗರ ಆ ಕಾರ್ಖಾನೆಯಿಂದಲೇ ಹೆಸರು ಪಡೆದದ್ದು. ಕಾರ್ಖಾನೆಯ ಸಂಬಳ, ಸಂಜೆಯ ಸಂಗೀತ ಎಂಬ ಈ ಏರ್ಪಾಡು ಬೆಂಗಳೂರಿನ ಆ ಪೀಳಿಗೆಯ ಅನೇಕ ಕಲಾವಿದರದು. ಅಶ್ವಥ್ ಅವರ ಕಂಠದಲ್ಲಿ ಒಂದು ಬಗೆಯ ಒರಟುತನವಿತ್ತು. ಕಾಳಿಂಗರಾಯರ ಲಾಲಿತ್ಯಕ್ಕೆ ಒಗ್ಗಿದ ಕಿವಿಗಳಿಗೆ ಮೊದಲು ಅದು ಹಿಡಿಸಲಿಲ್ಲವೆಂದು ಮಾವನವರು ಹೇಳುತ್ತಿದ್ದರು. ಆದರೆ ತತ್ತ್ವಪದದ ಸವಾಲಿನ ದನಿಗೆ ಬೇಕಾದುದು ಆ ಒರಟುತನವೇ. 'ಮೈಸೂರ ಮಲ್ಲಿಗೆ'ಯ ಸುರುಳಿಯಲ್ಲಿ ರತ್ನಮಾಲಾ ಪ್ರಕಾಶರ ಕಂಠ ಅದಕ್ಕೆ ಪ್ರತಿಯಾಗಿ ನಿಂತು, ದಂಪತಿಗಳ ಸಂವಾದವೆಂಬ ಆ ಕವಿತೆಗಳ ಸ್ವರೂಪವನ್ನು ಕಿವಿಗೆ ಕಾಣಿಸಿತು. ಪುಸ್ತಕವನ್ನು ಓದುವಾಗ ಇದು ಇಷ್ಟು ಸ್ಪಷ್ಟವಾಗುವುದಿಲ್ಲ. ಈ ಎರಡು ಸಂಯೋಜನೆಗಳ ಬೆನ್ನಿಗೆ 1990ರಲ್ಲಿ 'ಸಂತ ಶಿಶುನಾಳ ಶರೀಫ', 1992ರಲ್ಲಿ 'ಮೈಸೂರ ಮಲ್ಲಿಗೆ' ಎಂಬ ಚಲನಚಿತ್ರಗಳು ಟಿ. ಎಸ್. ನಾಗಾಭರಣರ ನಿರ್ದೇಶನದಲ್ಲಿ ಬಂದವು. ಹಾಡು ಮೊದಲು, ಚಿತ್ರ ಅನಂತರ ಎಂಬ ಈ ಕ್ರಮ ವಿಶೇಷವಾದುದು. ಎರಡನೆಯ ಚಿತ್ರದ ಗೀತೆಗಳಿಗಾಗಿ ನರಸಿಂಹಸ್ವಾಮಿಯವರಿಗೆ ರಾಷ್ಟ್ರಪ್ರಶಸ್ತಿ ದೊರೆತಾಗ ಆ ಪುಸ್ತಕಕ್ಕೆ ಸುಮಾರು ಐವತ್ತು ವರ್ಷ ವಯಸ್ಸಾಗಿತ್ತು!

ಚಲನಚಿತ್ರ ಮತ್ತು ರಂಗಭೂಮಿಗಳ ಹೊಸ ಅಲೆಯಲ್ಲಿಯೂ ಸಂಗೀತದ ಮಟ್ಟಿಗೆ ಇದೇ ಪ್ರವೃತ್ತಿ ಕಂಡುಬರುತ್ತದೆ. 'ಸಂಸ್ಕಾರ'ಕ್ಕೆ ಸಂಗೀತ ಒದಗಿಸಿದವರು ಸರೋದ್ ವಿದ್ವಾಂಸರಾದ ರಾಜೀವ ತಾರಾನಾಥರು. ಬಿ. ವಿ. ಕಾರಂತರಿಗೆ 'ಋಷ್ಯಶೃಂಗ' ಹಾಗೂ 'ಘಟಶ್ರಾದ್ಧ' ಚಿತ್ರಗಳ ಸಂಗೀತಕ್ಕಾಗಿ ಒಂದರ ಹಿಂದೆ ಒಂದು ರಾಷ್ಟ್ರಪ್ರಶಸ್ತಿಗಳು ಬಂದವು. ಕಂಬಾರರ 'ಕಾಡು ಕುದುರೆ' ಚಿತ್ರದಲ್ಲಿ ಹಾಡಿದ ಶಿವಮೊಗ್ಗದ ವಕೀಲ ಸುಬ್ಬಣ್ಣನವರಿಗೆ 1978ರ ಶ್ರೇಷ್ಠ ಹಿನ್ನೆಲೆಗಾಯಕ ಪ್ರಶಸ್ತಿ ಸಂದಿತು. ಕನ್ನಡದ ಗಾಯಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಜಿ. ಬಿ. ಜೋಶಿಯವರ 'ಸತ್ತವರ ನೆರಳು' ನಾಟಕವನ್ನು ಕಾರಂತರು ರಂಗಕ್ಕೆ ತಂದಾಗ ಅದರ ಉಸಿರಾದುದು ದಾಸರ ಪದಗಳು. ವಸ್ತುವಿನಲ್ಲಿ ಸಂಪ್ರದಾಯವನ್ನು ಪ್ರಶ್ನಿಸುವ ಕೃತಿಗಳು ಸಂಗೀತದಲ್ಲಿ ದಾಸರನ್ನೂ ಜಾನಪದವನ್ನೂ ನೆಮ್ಮಿಕೊಂಡವು. ಕನ್ನಡದ ನವ್ಯತೆ ಕಣ್ಣಿನಿಂದ ಮುಂದೆ ನೋಡುತ್ತ ಕಿವಿಯಿಂದ ಹಿಂದಕ್ಕೆ ಹೋಯಿತೆಂದು ನಾವು ತರಗತಿಯಲ್ಲಿ ಹೇಳುವುದುಂಟು. ವಿದ್ಯಾರ್ಥಿಗಳು ಇದನ್ನು ಪರೀಕ್ಷೆಯಲ್ಲಿ ಬರೆಯುವಾಗ ಕಣ್ಣು ಕಿವಿಗಳನ್ನು ಅದಲುಬದಲು ಮಾಡುತ್ತಾರೆ. ಆಗಲೂ ವಾಕ್ಯ ಅಷ್ಟೇನೂ ಕೆಡುವುದಿಲ್ಲ.

ಹಾಡುವುದರಿಂದ ಕವಿತೆಗೆ ನಷ್ಟವೂ ಆಯಿತೆಂಬುದನ್ನು ಒಪ್ಪಬೇಕು. ವಿಚಾರ ಮುಂದುಮುಂದಕ್ಕೆ ಸಾಗುವ ಕವಿತೆಗೆ ಪಲ್ಲವಿಯೊಂದನ್ನು ಕಟ್ಟಿ, ಪ್ರತಿ ನುಡಿಯ ಕೊನೆಗೂ ಮೊದಲ ಸಾಲಿಗೆ ಮರಳಿದರೆ, ಕವಿ ತಲುಪಿದ ಸ್ಥಳಕ್ಕೆ ಕೇಳುಗ ತಲುಪುವುದೇ ಇಲ್ಲ. ಅರ್ಧ ಗಂಟೆಯ ಮಗ್ಗುಲು ದೊರೆತ ಮೇಲೂ ಹಲವು ಸಂಯೋಜಕರು ತಟ್ಟೆಯ ಕಾಲದ ಅಭ್ಯಾಸವನ್ನು ಬಿಡದೆ ನಡುವಿನ ನುಡಿಗಳನ್ನು ಕೈಬಿಟ್ಟರು. ಉಳಿದ ಸಮಯವನ್ನು ಕೊಳಲು ಸಿತಾರುಗಳ ಮಧ್ಯಂತರಗಳಿಂದ ತುಂಬಿದರು. ನವ್ಯ ವಿಮರ್ಶಕರ ಆಕ್ಷೇಪದಲ್ಲಿ ಈ ಮಟ್ಟಿಗೆ ಹುರುಳಿದೆ. ಆದರೆ ಅವರು ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಸಂಗತಿಯಿದೆ. ಕವನಸಂಕಲನ ಎಂದೂ ಪ್ರವೇಶಿಸದ ಮನೆಗಳಿಗೆ ಕವಿಯ ಹೆಸರು ಈ ಸುರುಳಿಯ ಮೂಲಕವೇ ಹೋಯಿತು.

ಹೆಸರು ಎಂಬುದನ್ನು ಒತ್ತಿ ಹೇಳಲು ಕಾರಣವಿದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ತಂದ ತಿದ್ದುಪಡಿಯಲ್ಲಿ 52ಎ ಎಂಬ ಹೊಸ ಪ್ರಕರಣ ಸೇರಿತು. ಕಳ್ಳಪ್ರತಿಗಳ ಹಾವಳಿಯನ್ನು ತಡೆಯುವುದು ಅದರ ಗುರಿ. ಅದರಂತೆ ಪ್ರತಿಯೊಂದು ಧ್ವನಿಮುದ್ರಣದ ಮೇಲೂ ಹೊದಿಕೆಯ ಮೇಲೂ ಅದನ್ನು ತಯಾರಿಸಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ ಇವನ್ನು ಅಚ್ಚುಹಾಕಬೇಕು. ಇತಿಹಾಸಕಾರನಿಗೆ ಈ ಪ್ರಕರಣ ದೊಡ್ಡ ಉಪಕಾರಿ: ಶಾಸನದಲ್ಲಿ ಶಕವರ್ಷ ದೊರೆತಂತೆ. ನಮ್ಮ ಸಂಗ್ರಹದ 47 ಅಚ್ಚಿನ ಸುರುಳಿಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನವುಗಳ ಕಾಲವನ್ನು ಹೀಗೆಯೇ ನಿರ್ಣಯಿಸಲು ಸಾಧ್ಯವಾಯಿತು. ಆದರೆ ಕಾಯಿದೆ ಕೇಳಿದ ಈ ವಿವರಗಳಲ್ಲಿ ಕವಿಯ ಹೆಸರಿಲ್ಲ. ಮಾಡಿಸಿದವನ ಹೆಸರು ಬೇಕು, ಒಡೆಯನ ಹೆಸರು ಬೇಕು, ಬರೆದವನದು ಬೇಡ! ಚಲನಚಿತ್ರಗೀತೆಯ ಹೊದಿಕೆಗಳಲ್ಲಿ ಇದರ ಪರಿಣಾಮ ನೋಡಬಹುದು. ನಟರ ಭಾವಚಿತ್ರ ದೊಡ್ಡದು, ಸಾಹಿತ್ಯ ಬರೆದವರ ಹೆಸರು ಮಡಿಕೆಯ ಒಳಗೆ ಇರುವೆಯ ಸಾಲು. ಭಾವಗೀತೆಯ ಹೊದಿಕೆಗಳಲ್ಲಿ ಇದು ತಿರುಗುಮುರುಗು. ಕಾಯಿದೆ ಕೇಳದಿದ್ದರೂ ಕವಿಯ ಹೆಸರು ಮೇಲೆ, ಅನೇಕ ವೇಳೆ ಭಾವಚಿತ್ರದೊಡನೆ. ಒಳಗಡೆ ಪ್ರತಿ ಹಾಡಿಗೂ ಕವಿ, ರಾಗಸಂಯೋಜಕ, ಗಾಯಕ ಎಂದು ಮೂರು ಅಂಕಣ. ಬರೆದವನ ಹೆಸರನ್ನು ಮಾರಾಟದ ವಸ್ತುವಿನ ನೆತ್ತಿಯ ಮೇಲಿಟ್ಟ ಇಂಥ ಪದ್ಧತಿ ಜನಪ್ರಿಯ ಸಂಗೀತದ ವ್ಯಾಪಾರದಲ್ಲಿ ಸುಲಭವಾಗಿ ಕಾಣಸಿಗುವುದಿಲ್ಲ. ಗೀತರಚನಕಾರರ ಗೌರವಧನದ ಹಕ್ಕನ್ನು ಕಾಯಿದೆ ಗಟ್ಟಿಗೊಳಿಸಿದ್ದು 2012ರ ತಿದ್ದುಪಡಿಯಲ್ಲಿ. ಆ ವೇಳೆಗೆ ಧ್ವನಿಸುರುಳಿಯೇ ಅಂಗಡಿಗಳಿಂದ ಮರೆಯಾಗಿತ್ತು.

ಮೂರನೆಯ ಸ್ತರದ 27 ಸುರುಳಿಗಳಿಗೆ ಹೊದಿಕೆಯ ಸಾಕ್ಷ್ಯವಿಲ್ಲ. ಇವುಗಳ ಕಾಲನಿರ್ಣಯಕ್ಕೆ ನಾವು ಅನುಸರಿಸಿದ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಇದೇ ಕೆಲಸಕ್ಕೆ ತೊಡಗುವ ವಿದ್ಯಾರ್ಥಿಗಳಿಗೆ ಉಪಯೋಗವಾದೀತು. ರೇಡಿಯೋದಿಂದ ಇಳಿಸಿಕೊಳ್ಳುವವರು ಹಾಡು ಆರಂಭವಾಗುವ ಮುನ್ನವೇ ಗುಂಡಿ ಒತ್ತುತ್ತಿದ್ದುದರಿಂದ ಉದ್ಘೋಷಕರ ಮಾತಿನ ಬಾಲವೊಂದು ಬಹುತೇಕ ಎಲ್ಲ ಸುರುಳಿಗಳಲ್ಲಿಯೂ ಉಳಿದಿದೆ. ಹಾಡು ಮುಗಿದ ಮೇಲೆ ನಿಲ್ಲಿಸಲು ಮರೆತೆಡೆಗಳಲ್ಲಿ ಪ್ರದೇಶ ಸಮಾಚಾರದ ಒಂದೆರಡು ವಾಕ್ಯ, ಹವಾಮಾನ ವರದಿ, ಹೊಸ ಚಲನಚಿತ್ರದ ಜಾಹೀರಾತು ಸಿಕ್ಕುತ್ತವೆ. ಒಬ್ಬ ಮಂತ್ರಿಯ ಹೆಸರು, ಒಂದು ಚಿತ್ರದ ಹೆಸರು ಸಿಕ್ಕಿದರೆ ವರ್ಷವನ್ನು ಹಿಡಿಯಬಹುದು. ಇನ್ನೊಂದು ಸೂಚನೆ ವಿದ್ಯುತ್ತಿನದು. ಸೆಲ್ಲುಗಳ ಶಕ್ತಿ ಕುಂದಿದಾಗ ಪಟ್ಟಿ ನಿಧಾನವಾಗಿ ಓಡುತ್ತ ಧ್ವನಿಯನ್ನು ಹಿಡಿಯುತ್ತದೆ. ಅದನ್ನು ಅನಂತರ ಸರಿಯಾದ ವೇಗದಲ್ಲಿ ನುಡಿಸಿದರೆ ಗಾಯಕರ ಶ್ರುತಿ ಕ್ರಮೇಣ ಮೇಲೇರುತ್ತ ಹೋಗುತ್ತದೆ. ಅಂಥ ಸುರುಳಿಗಳು ಕರೆಂಟು ಹೋದ ಸಂಜೆಗಳವು. ಬೇಸಿಗೆಯ ಆ ಸಂಜೆಗಳನ್ನು ಬಲ್ಲವರಿಗೆ ವಿವರಣೆ ಬೇಕಿಲ್ಲ.

ದೊಡ್ಡಬಳ್ಳಾಪುರದ ಮನೆಯಿಂದ ಬಂದ ಸುರುಳಿಗಳನ್ನು ಯಾವ ಬರಹವೂ ಇಲ್ಲದೆ ಗುರುತಿಸಬಹುದು. ರೇಡಿಯೋ ಬೇರೆ, ಟೇಪ್ ರೆಕಾರ್ಡರ್ ಬೇರೆಯಾಗಿದ್ದ ಆ ಮನೆಯಲ್ಲಿ ಒಂದರ ಮುಂದೆ ಇನ್ನೊಂದನ್ನಿಟ್ಟು ಗಾಳಿಯಿಂದಲೇ ಧ್ವನಿಯನ್ನು ಹಿಡಿಯುತ್ತಿದ್ದರು. ಆದ್ದರಿಂದ ಹಾಡಿನ ಹಿಂದೆ ಉದ್ದಕ್ಕೂ ವಿದ್ಯುತ್ ಮಗ್ಗಗಳ ಸದ್ದು ಕೇಳಿಸುತ್ತದೆ. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳನ್ನು ಕಂಡವರಿಗೆ ಆ ಲಯ ಪರಿಚಿತ. ನೇಕಾರಿಕೆಯ ಇತಿಹಾಸ ಬರೆಯುವವರು ಮಗ್ಗಗಳ ಸಂಖ್ಯೆ, ನೂಲಿನ ಬೆಲೆ, ಸಹಕಾರ ಸಂಘಗಳ ಲೆಕ್ಕಗಳನ್ನು ಕೊಡುತ್ತಾರೆ. ಆ ಬೀದಿಯ ಒಂದು ಮನೆಯೊಳಗೆ ರಾತ್ರಿಯಲ್ಲಿ ಕೇಳಿಸುತ್ತಿದ್ದುದು ಹೇಗಿತ್ತೆಂಬುದಕ್ಕೆ ಈ ಪಟ್ಟಿಗಳಿಗಿಂತ ಉತ್ತಮವಾದ ಸಾಕ್ಷ್ಯ ನಮಗೆ ಕಂಡಿಲ್ಲ. ಒಂದೆಡೆ ಮಗ್ಗ ಥಟ್ಟನೆ ನಿಲ್ಲುತ್ತದೆ, ಅರೆಗಳಿಗೆಯಲ್ಲಿ ಹಾಡೂ ನಿಲ್ಲುತ್ತದೆ. ಹಾಡು ಚೆನ್ನಾಗಿ ಇಳಿದಿಲ್ಲವೆಂದು ಸಾಮಾನ್ಯ ಸಂಗ್ರಾಹಕ ಎಸೆಯುವುದು ಇಂಥವನ್ನೇ.

ಇನ್ನು ಕೆಲವು, ಅಂಗಡಿಯಲ್ಲಿ ಇಳಿಸಿಕೊಂಡವು. ಗಿರಾಕಿ ಹಾಡುಗಳ ಪಟ್ಟಿಯನ್ನು ಬರೆದುಕೊಟ್ಟರೆ ಅಂಗಡಿಯವನು ತನ್ನಲ್ಲಿದ್ದ ಸುರುಳಿಗಳಿಂದ ಆಯ್ದು ಒಂದರಲ್ಲಿ ತುಂಬಿಕೊಡುತ್ತಿದ್ದ. ಕಾಯಿದೆಯ ಕಣ್ಣಿನಲ್ಲಿ ಇದು ತಪ್ಪೇ ಸರಿ. ಆದರೆ ಹೀಗೆ ಬರೆದುಕೊಟ್ಟ ಒಂದು ಚೀಟಿ ಡಬ್ಬಿಯೊಳಗೆ ಮಡಿಚಿಟ್ಟಂತೆಯೇ ಉಳಿದಿದೆ. ಶಾಲೆಯ ಹಾಜರಿ ಪುಸ್ತಕದಿಂದ ಹರಿದ ಗೆರೆಕಾಗದ, ಮಾವನವರ ಕೈಬರಹ. ಮೊದಲು ದಾಸರ ಪದ ಎರಡು, ಆಮೇಲೆ ಶರೀಫರದು ಮೂರು, ಬೇಂದ್ರೆ ಎರಡು, ನಿಸಾರ್ ಅಹಮದ್ ಒಂದು, ದೊಡ್ಡರಂಗೇಗೌಡರ 'ಮಾವು ಬೇವು' ಸುರುಳಿಯಿಂದ ಒಂದು, ಕೊನೆಗೆ ಚಲನಚಿತ್ರದ್ದು ಎರಡು. ಕಾಲಾನುಕ್ರಮದ ಒಂದು ಸಾಹಿತ್ಯಚರಿತ್ರೆಯೇ ಅಲ್ಲಿದೆ. ಅದರಲ್ಲಿ ನವ್ಯವೆಂಬ ಅಧ್ಯಾಯವಿಲ್ಲ, ಅಷ್ಟೆ. ವಿಶ್ವವಿದ್ಯಾನಿಲಯದ ಪಠ್ಯಪಟ್ಟಿಯನ್ನೂ ಈ ಚೀಟಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಒಂದೇ ದಶಕದಲ್ಲಿ ಒಂದೇ ಭಾಷೆಯಲ್ಲಿ ಎರಡು ಕಾವ್ಯಪರಂಪರೆಗಳು ನಡೆದವೆಂಬುದು ತಿಳಿಯುತ್ತದೆ. ಮೊದಲನೆಯದಕ್ಕೆ ಚರಿತ್ರಕಾರರು ಹೇರಳವಾಗಿದ್ದಾರೆ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಒಬ್ಬ ಉಪಾಧ್ಯಾಯರ, ಅವರ ಸೋದರಳಿಯನ ಅಭಿರುಚಿಯನ್ನು ಹಿಡಿದು ಒಂದು ಜಿಲ್ಲೆಯ, ಒಂದು ಭಾಷೆಯ ವಿಚಾರವಾಗಿ ತೀರ್ಮಾನ ಮಾಡಬಹುದೆ? ಒಂದು ಊರಿನ ಒಂದು ವೀರಗಲ್ಲಿನಿಂದ ಇಡೀ ಸೀಮೆಯ ರಾಜಕೀಯವನ್ನು ಹೇಳಲಾಗದು ಎಂಬುದು ನಿಜ. ಆದರೆ ವೀರಗಲ್ಲುಗಳನ್ನು ಒಂದೊಂದಾಗಿ ಓದದೆ ಸೀಮೆಯ ಚಿತ್ರವೂ ಮೂಡದು. ನಾವು ಹೇಳುವುದಿಷ್ಟೆ: ಮಾರಾಟದ ಲೆಕ್ಕ ಏನನ್ನು ಎಷ್ಟು ಕೊಂಡರೆಂಬುದನ್ನು ತಿಳಿಸೀತು; ಯಾವುದನ್ನು ಪಟ್ಟಿ ಸವೆಯುವವರೆಗೆ ಕೇಳಿದರು, ಯಾವುದನ್ನು ಅಳಿಸಿ ಮೇಲೆ ಬೇರೆಯದನ್ನು ತುಂಬಿದರು ಎಂಬುದು ಮನೆಯ ಪೆಟ್ಟಿಗೆಯಿಂದಲೇ ತಿಳಿಯತಕ್ಕದ್ದು. ನಮ್ಮ 'ನಿತ್ಯೋತ್ಸವ'ದ ಮೊದಲ ಮಗ್ಗುಲಿನ ಆರಂಭದಲ್ಲಿ ಪಟ್ಟಿ ಎರಡು ಕಡೆ ಹರಿದು ಅಂಟಿಸಲ್ಪಟ್ಟಿದೆ. ಎರಡನೆಯ ಮಗ್ಗುಲಿನ ಕೊನೆಯ ಹಾಡುಗಳು ಹೊಸತರಂತಿವೆ.

ಎರಡನೆಯ ಸ್ತರದ 18 ಸುರುಳಿಗಳ ವಿಚಾರವಾಗಿ ಹೆಚ್ಚು ಹೇಳಬೇಕಾದುದಿಲ್ಲ. ನಾವು ಕೊಳ್ಳತೊಡಗುವ ವೇಳೆಗೆ ಅಲೆ ಇಳಿದಿತ್ತು. ಹತ್ತು ಜನ ವಾದ್ಯಗಾರರ ಕೆಲಸವನ್ನು ಒಂದು ಎಲೆಕ್ಟ್ರಾನಿಕ್ ಕೀಬೋರ್ಡು ಮಾಡುತ್ತಿತ್ತು. ಹಳೆಯ ಧಾಟಿಗಳನ್ನೇ ಹೊಸ ಗಾಯಕರಿಂದ ಹಾಡಿಸಿ ಹೊಸ ಹೊದಿಕೆಯಲ್ಲಿ ಮಾರುತ್ತಿದ್ದರು. 2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವಥ್ ಅವರು ನಡೆಸಿಕೊಟ್ಟ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ನೆರೆದ ಭಾರಿ ಜನಸ್ತೋಮವನ್ನು ಕಂಡು ಭಾವಗೀತೆಗೆ ಮರುಹುಟ್ಟು ಬಂದಿತೆಂದು ಅನೇಕರು ಬಗೆದರು. ಅಲ್ಲಿ ಸೇರಿದ್ದವರಲ್ಲಿ ಬಹುಮಂದಿ ಧ್ವನಿಸುರುಳಿಯ ಕಾಲದಲ್ಲಿ ಬೆಳೆದವರು, ತಮ್ಮ ಮನೆಯ ಪೆಟ್ಟಿಗೆಗಳಲ್ಲಿದ್ದುದನ್ನು ಒಟ್ಟಾಗಿ ಕೇಳಲು ಬಂದವರು ಎಂಬುದು ನಮ್ಮ ಊಹೆ. ಅದು ಹುಟ್ಟಲ್ಲ, ಸುಗ್ಗಿ.

ಈಗ ಉಳಿದಿರುವುದು ಪಟ್ಟಿಗಳ ದೇಹಸ್ಥಿತಿಯ ವಿಚಾರ. ಕಬ್ಬಿಣದ ಆಕ್ಸೈಡಿನ ಲೇಪ ತೇವಕ್ಕೆ ಸಡಿಲಗೊಳ್ಳುತ್ತದೆ. ಬಿಳಿಯ ಬೂಷ್ಟು ಸುರುಳಿಯ ಅಂಚಿನಿಂದ ಒಳಕ್ಕೆ ಹಬ್ಬುತ್ತದೆ. 74ರಲ್ಲಿ 11 ಈಗಾಗಲೇ ನುಡಿಯುತ್ತಿಲ್ಲ. ನಾಲ್ಕು ತಾಲ್ಲೂಕುಗಳಲ್ಲಿ ಮನೆಗಳನ್ನು ಕೆಡವಿ ಕಟ್ಟುವ ವೇಗವನ್ನು ನೋಡಿದರೆ, ಬೂಷ್ಟಿಗಿಂತ ಮೊದಲು ಗುಜರಿಯವರೇ ಇಂಥ ಸಂಗ್ರಹಗಳನ್ನು ಮುಗಿಸುವಂತಿದೆ. ಹಾಡುಗಳು ಅಂತರ್ಜಾಲದಲ್ಲಿ ಸಿಕ್ಕುತ್ತವೆಯಲ್ಲ ಎಂಬ ಸಮಾಧಾನವನ್ನು ನಾವು ಆಗಾಗ ಕೇಳುತ್ತೇವೆ. ಹಾಡು ಸಿಕ್ಕುತ್ತದೆ, ಹಲವು ವೇಳೆ ಕವಿಯ ಹೆಸರು ಬಿಟ್ಟುಹೋಗಿರುತ್ತದೆ. ಮಗ್ಗದ ಸದ್ದು, ಹಾಜರಿ ಪುಸ್ತಕದ ಚೀಟಿ, 'ನಮ್ಮೂರವರು' ಎಂಬ ನೀಲಿ ಶಾಯಿ ಅಲ್ಲಿ ಸಿಕ್ಕುವುದಿಲ್ಲ. ಆದುದರಿಂದ ಪ್ರತಿಮಾಡುವಾಗ ನಾವು ಹಾಡುಹಾಡಾಗಿ ಬೇರ್ಪಡಿಸದೆ, ಇಡೀ ಮಗ್ಗುಲನ್ನು ಮೊದಲ ಸದ್ದಿನಿಂದ ಕೊನೆಯ ಸದ್ದಿನವರೆಗೆ ಎಡೆಬಿಡದೆ ಹಿಡಿಯುತ್ತಿದ್ದೇವೆ; ಹೊದಿಕೆಯ ಎರಡು ಬದಿಗಳ ಚಿತ್ರವನ್ನೂ ಅದೇ ಸಂಖ್ಯೆಯಲ್ಲಿ ಸೇರಿಸುತ್ತಿದ್ದೇವೆ.

ಈ ಕ್ರಮದ ಪ್ರಯೋಜನ ಕಂಡುಬಂದದ್ದು 38ನೆಯ ಸಂಖ್ಯೆಯ ಸುರುಳಿಯಲ್ಲಿ. ಅದು ಒಂದು ಚಲನಚಿತ್ರದ ಅಚ್ಚಿನ ಸುರುಳಿ. ಅಚ್ಚಿನ ಸುರುಳಿಗಳ ಬೆನ್ನಿನಲ್ಲಿ, ಅಳಿಸಿ ತುಂಬುವುದನ್ನು ತಡೆಯಲು, ಎರಡು ಚಿಕ್ಕ ಕಿಂಡಿಗಳನ್ನು ತೆರೆದು ಬಿಟ್ಟಿರುತ್ತಾರೆ. ಇದರಲ್ಲಿ ಒಂದಕ್ಕೆ ಕಾಗದದ ಉಂಡೆ ತುರುಕಿದೆ. ಮಗ್ಗುಲನ್ನು ಪೂರ್ತಿ ಕೇಳಿದಾಗ ದೊರೆತದ್ದು ಚಿತ್ರಗೀತೆಗಳಲ್ಲ. ಮೈಸೂರು ಅನಂತಸ್ವಾಮಿಯವರು 1995ರ ಜನವರಿ 9ರಂದು ನಿಧನರಾದ ಬಳಿಕ ರೇಡಿಯೋದಲ್ಲಿ ಬಂದ ಅವರ ಹಾಡುಗಳನ್ನು ಮಾವನವರು ಅದರ ಮೇಲೆ ತುಂಬಿಸಿದ್ದರು. ಖಾಲಿ ಸುರುಳಿ ಆ ಹೊತ್ತಿಗೆ ಮನೆಯಲ್ಲಿ ಇರಲಿಲ್ಲವೆಂದು ತೋರುತ್ತದೆ. ಇಪ್ಪತ್ತೆರಡು ನಿಮಿಷಗಳ ತನಕ ಅವರ ಕಂಠವಿದೆ. ಅನಂತರ ಗುಂಡಿ ಒತ್ತಿದ ಟಪ್ಪೆಂಬ ಸದ್ದು, ಅದರ ಹಿಂದೆಯೇ ನಡುಸಾಲಿನಿಂದ ಆರಂಭವಾಗುವ ಹಳೆಯ ಚಿತ್ರಗೀತೆ.